ಬಿ.ಎಸ್ಸಿ. ಮೊದಲ ವರ್ಷದ ಕೆಮಿಸ್ಟ್ರಿ: ಬಾಯಿಪಾಠ ಬಿಟ್ಟು ಓದುವುದು ಹೇಗೆ?

ಮೊದಲ ಸೆಮಿಸ್ಟರ್‌ನ ಮೊದಲ ಟೆಸ್ಟ್ ಮುಗಿದ ಮೇಲೆ ನನ್ನ ಹತ್ತಿರ ಬರುವ ಹುಡುಗ ಹುಡುಗಿಯರ ಮಾತು ಪ್ರತಿ ವರ್ಷ ಒಂದೇ. "ಎಲ್ಲಾ ಓದಿದ್ದೆ ರೀ ಸರ್, ಸ್ವಲ್ಪ ತಿರುಗಿಸಿ ಕೇಳ್ಯಾರ, ಹೊಳಿಲಿಲ್ಲ." ಅವರು ಓದಿರುವುದು ನಿಜ. ರೋಣ, ನವಲಗುಂದ, ಶಿರಹಟ್ಟಿ, ಸವಣೂರಿನಿಂದ ಧಾರವಾಡಕ್ಕೆ ಬಂದು, ರೂಮು ಮಾಡಿಕೊಂಡು, ರಾತ್ರಿ ಹನ್ನೆರಡರವರೆಗೆ ಓದುವ ಮಕ್ಕಳು ಇವರು. ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿ, ಪಿಯುಸಿಯಲ್ಲಿ ಒಮ್ಮೆಲೇ ಇಂಗ್ಲಿಷಿಗೆ ಜಿಗಿದವರು ಅರ್ಥವಾಗದ್ದನ್ನು ಬಾಯಿಪಾಠ ಮಾಡಿ ದಾಟಿಬಿಡುವುದನ್ನು ಕಲಿತಿರುತ್ತಾರೆ. ಪಿಯುಸಿಯಲ್ಲಿ ಅದು ನಡೆದುಹೋಯಿತು. ಪದವಿಯ ಕೆಮಿಸ್ಟ್ರಿಯಲ್ಲಿ ನಡೆಯುವುದಿಲ್ಲ. ಹಾಗಾದರೆ ಎಲ್ಲಿಂದ ಶುರು ಮಾಡಬೇಕು?

ಮೊದಲ ಎರಡು ವಾರ: ಮೋಲ್ ಒಂದೇ

ಸಿಲೆಬಸ್‌ನಲ್ಲಿ ಪರಮಾಣು ರಚನೆ ಮೊದಲು ಬರಬಹುದು, ಕ್ಲಾಸಿನಲ್ಲಿ ಕ್ವಾಂಟಮ್ ಸಂಖ್ಯೆಗಳು ನಡೆಯುತ್ತಿರಬಹುದು. ಅದು ಕ್ಲಾಸಿನ ಪಾಡಿಗೆ ನಡೆಯಲಿ. ರೂಮಿಗೆ ಬಂದ ಮೇಲೆ ಮೊದಲ ಎರಡು ವಾರ ಮೋಲ್ ಲೆಕ್ಕ ಮಾಡಿ. ದ್ರಾವಣ, ಅನಿಲ, ಟೈಟ್ರೇಶನ್ (ಒಂದು ದ್ರಾವಣವನ್ನು ಹನಿ ಹನಿಯಾಗಿ ಬಿಟ್ಟು ಇನ್ನೊಂದರ ಸಾರತೆ ಅಳೆಯುವುದು), ಉಷ್ಣ, ಸಮತೋಲನ ಎಲ್ಲವೂ ಕೊನೆಗೆ ಬಂದು ನಿಲ್ಲುವುದು ಇಲ್ಲೇ.

ಹುಬ್ಬಳ್ಳಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಸಾವಿರ ಮೊಳೆ ಕೇಳಿ ನೋಡಿ. ಯಾರೂ ಎಣಿಸುತ್ತ ಕೂರುವುದಿಲ್ಲ, ತೂಗಿ ಕೊಡುತ್ತಾರೆ. ಒಂದು ಮೊಳೆಯ ತೂಕ ಗೊತ್ತಿದ್ದರೆ ಎಣಿಸುವ ಕೆಲಸವನ್ನು ತಕ್ಕಡಿಯೇ ಮಾಡುತ್ತದೆ. ಮೋಲ್ ಇದೇ ಉಪಾಯ. 12 ಗ್ರಾಂ ಇಂಗಾಲ, 23 ಗ್ರಾಂ ಸೋಡಿಯಂ, 342 ಗ್ರಾಂ ಸಕ್ಕರೆ: ತೂಕ ಬೇರೆ ಬೇರೆ, ಒಳಗಿರುವ ಕಣಗಳ ಎಣಿಕೆ ಒಂದೇ, 6.022×10²³. ಇಷ್ಟು ಕಣಗಳಿದ್ದರೆ ಒಂದು ಮೋಲ್. ಮೊದಲು ಈ ಎಣಿಕೆಯನ್ನು 12 ಗ್ರಾಂ ಕಾರ್ಬನ್-12ಕ್ಕೆ ಕಟ್ಟಿಹಾಕಿದ್ದರು. 2019ರ ಮೇ 20ರಿಂದ 6.02214076×10²³ ಎಂಬ ಸಂಖ್ಯೆಯನ್ನೇ ನಿಖರವೆಂದು ನಿಗದಿ ಮಾಡಿದ್ದಾರೆ. ಹಳೆಯ ಪುಸ್ತಕ ಓದುವವರು ಇದನ್ನು ಗಮನಿಸಿ.

ಈಗ ಚಹಾಕ್ಕೆ ಹಾಕುವ ಒಂದು ಚಮಚ ಸಕ್ಕರೆ 5 ಗ್ರಾಂ ಎಂದುಕೊಳ್ಳಿ. 5ನ್ನು 342ರಿಂದ ಭಾಗಿಸಿದರೆ ಸುಮಾರು 0.0146 ಮೋಲ್, ಅಂದರೆ 8.8×10²¹ ಅಣುಗಳು. ಅಡುಗೆಮನೆಯ ಉಪ್ಪು, ಸೋಡಾ, ಸುಣ್ಣಕ್ಕೂ ಹೀಗೇ ಲೆಕ್ಕ ಹಾಕಿ. ಪ್ರತಿ ಸಾಲಿನಲ್ಲೂ ಗ್ರಾಂ, ಮೋಲ್, ಲೀಟರ್ ಎಂದು ಮಾನ ಬರೆಯಲೇಬೇಕು. ಮಾನ ಬರೆಯದೆ ಅಂಕಿ ಮಾತ್ರ ಬರೆಯುವವರ ಲೆಕ್ಕ ಎಲ್ಲಿ ದಾರಿ ತಪ್ಪಿತು ಎಂಬುದು ಅವರಿಗೇ ತಿಳಿಯುವುದಿಲ್ಲ. ಪೇಪರು ತಿದ್ದುವಾಗ ನಾನು ಅತಿ ಹೆಚ್ಚು ಕಂಡ ತಪ್ಪು ಇದೇ.

ಮೂರನೇ ವಾರ: ಮೊದಲು ತೀರುವುದು ಯಾವುದು?

ಒಂದು ಪ್ಲೇಟ್ ಗಿರಮಿಟ್ಟಿಗೆ ಎರಡು ಮಿರ್ಚಿ ಭಜಿ ಕೊಡುವ ಅಂಗಡಿ ಇದೆ ಅನ್ನಿ. 40 ಪ್ಲೇಟಿಗೆ ಆಗುವಷ್ಟು ಗಿರಮಿಟ್, 60 ಮಿರ್ಚಿ ಇವೆ. ಎಷ್ಟು ಗಿರಾಕಿಗಳಿಗೆ ಕೊಡಬಹುದು? ಮೂವತ್ತು. ಸಂಖ್ಯೆಯಲ್ಲಿ ಹೆಚ್ಚಿದ್ದ ಮಿರ್ಚಿಯೇ ಮೊದಲು ತೀರಿತು, ಹತ್ತು ಪ್ಲೇಟ್ ಗಿರಮಿಟ್ ಉಳಿಯಿತು. ಇದೇ ಲಿಮಿಟಿಂಗ್ ರಿಯೇಜೆಂಟ್.

ಇದನ್ನೇ ನೀರಿಗೆ ಹೊಂದಿಸಿ. ಎರಡು ಹೈಡ್ರೋಜನ್ ಅಣುಗಳಿಗೆ ಒಂದು ಆಕ್ಸಿಜನ್ ಅಣು ಸೇರಿದರೆ ಎರಡು ನೀರಿನ ಅಣುಗಳು. ನಿಮ್ಮ ಬಳಿ 10 ಗ್ರಾಂ ಹೈಡ್ರೋಜನ್, 64 ಗ್ರಾಂ ಆಕ್ಸಿಜನ್ ಇವೆ. ಹತ್ತೇ ಗ್ರಾಂ ಇದೆಯಲ್ಲ, ಹೈಡ್ರೋಜನ್ನೇ ಮೊದಲು ತೀರುತ್ತದೆ ಎಂದು ಮನಸ್ಸು ಹೇಳುತ್ತದೆ. ಮೋಲ್‌ಗೆ ತಿರುಗಿಸಿ: ಹೈಡ್ರೋಜನ್ 5 ಮೋಲ್, ಆಕ್ಸಿಜನ್ 2 ಮೋಲ್. ಎರಡು ಮೋಲ್ ಆಕ್ಸಿಜನ್‌ಗೆ ನಾಲ್ಕು ಮೋಲ್ ಹೈಡ್ರೋಜನ್ ಸಾಕು. ತೀರುವುದು ಆಕ್ಸಿಜನ್! 4 ಮೋಲ್ ನೀರು, ಅಂದರೆ 72 ಗ್ರಾಂ, ಹುಟ್ಟುತ್ತದೆ. 2 ಗ್ರಾಂ ಹೈಡ್ರೋಜನ್ ಉಳಿಯುತ್ತದೆ. ಕೂಡಿಸಿ ನೋಡಿ, ಮೊದಲಿದ್ದ 74 ಗ್ರಾಂ ಹಾಗೇ ಇದೆ. ಹೀಗೆ ಕೊನೆಗೆ ಕೂಡಿಸಿ ತಾಳೆ ನೋಡುವ ಅಭ್ಯಾಸ ಮಾಡಿಕೊಂಡವರಿಗೆ ಉತ್ತರ ಸರಿಯೇ ಎಂದು ಇನ್ನೊಬ್ಬರನ್ನು ಕೇಳುವ ಅಗತ್ಯ ಬೀಳುವುದಿಲ್ಲ.

ಆವರ್ತ ಕೋಷ್ಟಕಕ್ಕೆ ಒಂದು ಗ್ರಾಫ್ ಹಾಳೆ

ಗೋಡೆಗೆ ಬಣ್ಣದ ಚಾರ್ಟ್ ಅಂಟಿಸುವುದರಿಂದ ಹೆಚ್ಚು ಲಾಭವಿಲ್ಲ. ಒಂದು ಗ್ರಾಫ್ ಹಾಳೆ ತಂದು, ಮೊದಲ ಹತ್ತು ಧಾತುಗಳ ಮೊದಲ ಅಯಾನೀಕರಣ ಶಕ್ತಿಯನ್ನು (ಪರಮಾಣುವಿನಿಂದ ಒಂದು ಎಲೆಕ್ಟ್ರಾನು ಕೀಳಲು ಬೇಕಾದ ಶಕ್ತಿ) ನಿಮ್ಮ ಕೈಯಿಂದಲೇ ಗುರುತು ಮಾಡಿ. ಪ್ರತಿ ಮೋಲ್‌ಗೆ ಕಿಲೋಜೌಲ್‌ನಲ್ಲಿ: ಹೈಡ್ರೋಜನ್ 1312, ಹೀಲಿಯಂ 2372, ಲಿಥಿಯಂ 520, ಬೆರಿಲಿಯಂ 899, ಬೋರಾನ್ 801, ಇಂಗಾಲ 1086, ನೈಟ್ರೋಜನ್ 1402, ಆಕ್ಸಿಜನ್ 1314, ಫ್ಲೋರಿನ್ 1681, ನಿಯಾನ್ 2081.

ಲಿಥಿಯಂನಿಂದ ನಿಯಾನ್‌ವರೆಗೆ ಗೆರೆ ಏರುತ್ತದೆ ಎಂದು ಪುಸ್ತಕ ಹೇಳುತ್ತದೆ. ನಿಮ್ಮ ಗೆರೆ ಎರಡು ಕಡೆ ಕುಸಿದಿದೆ, ಬೋರಾನ್‌ನಲ್ಲಿ ಒಮ್ಮೆ, ಆಕ್ಸಿಜನ್‌ನಲ್ಲಿ ಒಮ್ಮೆ. ಆ ಎರಡು ತಗ್ಗುಗಳ ಮುಂದೆ ಒಂದು ಗಂಟೆ ಕೂತುಕೊಳ್ಳಿ. ಬೋರಾನ್‌ನ ಹೊಸ ಎಲೆಕ್ಟ್ರಾನು ಹೆಚ್ಚು ಶಕ್ತಿಯ ಪಿ ಕಕ್ಷಕಕ್ಕೆ (ಕಕ್ಷಕ ಎಂದರೆ ಎಲೆಕ್ಟ್ರಾನು ಇರುವ ಜಾಗ) ಹೋಗಿದೆ, ಆದ್ದರಿಂದ ಕೀಳುವುದು ಸುಲಭ. ಆಕ್ಸಿಜನ್‌ನಲ್ಲಿ ಒಂದು ಪಿ ಕಕ್ಷಕದಲ್ಲಿ ಇಬ್ಬರು ಕೂರಬೇಕಾಗಿದೆ, ಒಬ್ಬರನ್ನೊಬ್ಬರು ತಳ್ಳುತ್ತಾರೆ. ಎಲೆಕ್ಟ್ರಾನ್ ವಿನ್ಯಾಸ ಎಂದು ಬಾಯಿಪಾಠ ಮಾಡಿದ ಸಾಲುಗಳಿಗೆ ಕೆಲಸ ಸಿಗುವುದು ಈ ಹೊತ್ತಿನಲ್ಲಿ. ನನ್ನ ಮಟ್ಟಿಗೆ ಇಡೀ ಮೊದಲ ವರ್ಷದ ಅತಿ ಚಂದದ ಜಾಗ ಇದು.

ಕನ್ನಡದ ಪದ ಬಿಡಬೇಡಿ

ಪರೀಕ್ಷೆ ಇಂಗ್ಲಿಷಿನಲ್ಲೇ ಬರೆಯಿರಿ. ಆದರೆ ತಿಳಿದುಕೊಳ್ಳುವಾಗ ಕನ್ನಡ ಹತ್ತಿರವಿರಲಿ. "ವೀಕ್ ಆಸಿಡ್" ಮತ್ತು "ಡೈಲ್ಯೂಟ್ ಆಸಿಡ್" ಎರಡನ್ನೂ ಒಂದೇ ಎಂದುಕೊಳ್ಳುವವರು ಬಹಳ. ನಮ್ಮ ಶಾಲೆಯ ಪುಸ್ತಕದ ಪದಗಳನ್ನೇ ನೆನೆಸಿಕೊಳ್ಳಿ: ದುರ್ಬಲ ಆಮ್ಲ, ಸಾರರಿಕ್ತ ಆಮ್ಲ. ಒಂದು ಆಮ್ಲದ ಸ್ವಭಾವ, ಇನ್ನೊಂದು ನೀವು ಬೆರೆಸಿದ ನೀರಿನ ಲೆಕ್ಕ. 0.1 ಮೋಲಾರ್, ಅಂದರೆ ಲೀಟರಿಗೆ 0.1 ಮೋಲ್ ಇರುವ ಹೈಡ್ರೋಕ್ಲೋರಿಕ್ ಆಮ್ಲದ ಪಿಎಚ್ 1 (ಪಿಎಚ್ ಕಡಿಮೆಯಾದಷ್ಟೂ ದ್ರಾವಣ ಹೆಚ್ಚು ಆಮ್ಲೀಯ). ಅಷ್ಟೇ ಸಾರತೆಯ ಅಸಿಟಿಕ್ ಆಮ್ಲದ್ದು ಸುಮಾರು 2.9, ಏಕೆಂದರೆ ಅದರ ಅಣುಗಳಲ್ಲಿ ನೂರಕ್ಕೆ ಒಂದರಷ್ಟು ಮಾತ್ರ ಅಯಾನುಗಳಾಗಿ ಒಡೆದಿರುತ್ತವೆ.

ಆಮ್ಲವೋ ಪ್ರತ್ಯಾಮ್ಲವೋ ಎಂದು ಬಣ್ಣದಿಂದ ತೋರಿಸುವ ಸೂಚಕಗಳ ಪಾಠ ಬಂದಾಗ ಮನೆಯ ಆರತಿ ತಟ್ಟೆ ನೆನಪಾಗಲಿ. ಅರಿಸಿನದ ನೀರಿಗೆ ಎಲೆಗೆ ಹಚ್ಚುವ ಸುಣ್ಣ ಹಾಕಿದರೆ ಕೆಂಪಾಗುತ್ತದಲ್ಲ, ಅರಿಸಿನದ ಕರ್ಕ್ಯುಮಿನ್ ಪ್ರತ್ಯಾಮ್ಲದಲ್ಲಿ ಬಣ್ಣ ಬದಲಿಸುವುದು ಅದು. ಅದಕ್ಕೇ ಲಿಂಬೆ ಹಿಂಡಿ, ಹಳದಿ ಮರಳಿ ಬರುತ್ತದೆ. ನಿಮ್ಮ ಅಜ್ಜಿಗೆ ಇದನ್ನು ವಿವರಿಸಿ ಹೇಳಲು ಬಂದರೆ ಲ್ಯಾಬಿನ ಸೂಚಕ ಫಿನಾಲ್ಫ್ತಲೀನ್ ಬಗ್ಗೆ ಬರೆಯುವುದು ಕಷ್ಟವಾಗದು.

ದಿನದ ಲೆಕ್ಕ

ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಬರುವವರು, ಗದಗದಿಂದ ಬೆಳಗಿನ ರೈಲು ಹಿಡಿಯುವವರು ದಾರಿಯಲ್ಲಿ ಹಿಂದಿನ ದಿನದ ನೋಟ್ಸ್ ಓದಲಿ, ಅಷ್ಟು ಸಾಕು. ಲೆಕ್ಕಕ್ಕೆ ಮೇಜು ಬೇಕು. ದಿನಕ್ಕೆ ಐದು ಲೆಕ್ಕ, ಉತ್ತರ ನೋಡದೆ. ಬಿಡಿಸಿದ ಉದಾಹರಣೆ ಓದಿ ತಲೆಯಾಡಿಸುವುದನ್ನು ಅಭ್ಯಾಸ ಎನ್ನಲಾಗದು.

ಲ್ಯಾಬಿಗೆ ಹೋಗುವ ಹಿಂದಿನ ರಾತ್ರಿ

ರೆಕಾರ್ಡ್ ಬುಕ್ ನಕಲು ಮಾಡುವ ಸಮಯವನ್ನು "ಏಕೆ" ಎಂದು ಕೇಳಿಕೊಳ್ಳಲು ಕೊಡಿ. ಸೋಡಿಯಂ ಹೈಡ್ರಾಕ್ಸೈಡನ್ನು ತೂಗಿ ನಿಖರ ದ್ರಾವಣ ಮಾಡುವುದಿಲ್ಲ, ಆಕ್ಸಾಲಿಕ್ ಆಮ್ಲವನ್ನು ಮಾಡುತ್ತೇವೆ. ಏಕೆ? ಮೊದಲನೆಯದು ತಕ್ಕಡಿಯ ಮೇಲೆ ಕೂತಲ್ಲೇ ಗಾಳಿಯ ತೇವ ಹೀರುತ್ತದೆ, ಎರಡನೆಯದರ ಹರಳು ಸ್ಥಿರ. 250 ಮಿ.ಲೀ. 0.05 ಮೋಲಾರ್ ದ್ರಾವಣಕ್ಕೆ ಹರಳು ಆಕ್ಸಾಲಿಕ್ ಆಮ್ಲ ಎಷ್ಟು ಬೇಕು? ಮೋಲ್ ತೂಕ 126.07, ಹಿಂದಿನ ರಾತ್ರಿಯೇ ಲೆಕ್ಕ ಹಾಕಿದವರ ಪುಸ್ತಕದಲ್ಲಿ 1.576 ಗ್ರಾಂ ಎಂದು ಬರೆದಿರುತ್ತದೆ.

ಬ್ಯುರೆಟ್ಟನ್ನು ಅದರಲ್ಲಿ ತುಂಬುವ ದ್ರಾವಣದಿಂದಲೇ ತೊಳೆಯಬೇಕು, ಒಳಗೆ ಉಳಿದ ನೀರು ಸಾರತೆಯನ್ನು ತಗ್ಗಿಸುತ್ತದೆ. ಕೋನಿಕಲ್ ಫ್ಲಾಸ್ಕನ್ನು ಮಾತ್ರ ಬರೀ ನೀರಿನಿಂದ ತೊಳೆದು ಒದ್ದೆಯಿದ್ದಂತೆಯೇ ಬಳಸಬಹುದು. ಪಿಪೆಟ್ಟಿನಿಂದ ಬಿದ್ದ ಮೋಲ್‌ಗಳ ಎಣಿಕೆ ಅಲ್ಲಿದ್ದ ನೀರಿನಿಂದ ಬದಲಾಗುವುದಿಲ್ಲ. ಮೊದಲ ಎರಡು ವಾರ ಕೂತು ಮಾಡಿದ್ದು ಇಲ್ಲಿ ಕೈಗೆ ಬರುತ್ತದೆ. ಆಮ್ಲವನ್ನು ನೀರಿಗೆ ಹಾಕಿ, ನೀರನ್ನು ಆಮ್ಲಕ್ಕೆ ಹಾಕಬೇಡಿ. ಪಿಪೆಟ್ಟನ್ನು ಬಾಯಿಂದ ಎಳೆಯಬೇಡಿ, ಸೀನಿಯರ್‌ಗಳು ಎಳೆದರೂ ಸರಿ.

ಪರ್ಮಾಂಗನೇಟ್ ಟೈಟ್ರೇಶನ್ ದಿನ ಒಂದು ಕ್ಷಣ ಅವಸರ ಬಿಡಿ. ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಸೇರಿಸಿ ಬಿಸಿ ಮಾಡಿದ ಆಕ್ಸಾಲಿಕ್ ಆಮ್ಲಕ್ಕೆ ಮೊದಲ ನೇರಳೆ ಹನಿ ಬಿದ್ದಾಗ ಬಣ್ಣ ತಕ್ಷಣ ಮಾಯವಾಗುವುದಿಲ್ಲ, ಫ್ಲಾಸ್ಕ್ ತಿರುಗಿಸುತ್ತ ಕಾಯಬೇಕು. ಕೆಲವು ಹನಿಗಳಾದ ಮೇಲೆ ಬಿದ್ದ ಬಣ್ಣ ಬಿದ್ದಲ್ಲೇ ಹೋಗುತ್ತದೆ. ಮೊದಲ ಹನಿಗಳಿಂದ ಹುಟ್ಟಿದ ಮ್ಯಾಂಗನೀಸ್ ಅಯಾನುಗಳೇ ಮುಂದಿನ ಹನಿಗಳ ಕ್ರಿಯೆಗೆ ವೇಗ ಕೊಡುತ್ತಿರುತ್ತವೆ. ಅದನ್ನು ನೋಡಿ, ಅಲ್ಲೇ ಪೆನ್ಸಿಲಿನಲ್ಲಿ ಬರೆದುಕೊಳ್ಳಿ, ನಂತರ ತಿಳಿ ಗುಲಾಬಿ ಬಣ್ಣ ನಿಲ್ಲುವವರೆಗೆ ಒಂದೊಂದೇ ಹನಿ ಬಿಡಿ.