ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲೋದು ಹೇಗೆ?

ಹಿಂದೂ ಧರ್ಮ ಅಂದರೇನು ಅಂತ ಯಾರಾದರೂ ಕೇಳಿದರೆ ನಾವು ವೇದ, ಕರ್ಮ, ಮೋಕ್ಷ ಅಂತ ದೊಡ್ಡ ಮಾತಿಂದಲೇ ಶುರು ಮಾಡುತ್ತೇವೆ. ತಪ್ಪೇನಿಲ್ಲ. ಆದರೆ ಕೊಪ್ಪಳ, ರಾಯಚೂರು ಕಡೆಯ ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ಎಳ್ಳ ಅಮಾವಾಸ್ಯೆ ದಿನ ಅರ್ಧ ಹಗಲು ಕಳೆದರೆ ಅದರಲ್ಲಿ ಬಹಳಷ್ಟು ಕಣ್ಣಿಗೇ ಕಾಣುತ್ತದೆ. ಅಲ್ಲಿ ಗುಡಿ ಇಲ್ಲ, ಪೂಜಾರಿ ಇಲ್ಲ. ಮಂತ್ರ ಬರಲೇಬೇಕು ಅಂತಲೂ ಇಲ್ಲ. ಹೊಲದ ಕಲ್ಲೇ ದೇವರು, ಮನೆಯವರೇ ಪೂಜಾರಿಗಳು.

ಊರು ಬಿಟ್ಟು ಬೆಂಗಳೂರು, ಹೈದರಾಬಾದ್ ಸೇರಿದವರ ಮಕ್ಕಳಿಗೆ, ಬೇರೆ ಸೀಮೆಯಿಂದ ಬಂದ ಸೊಸೆಗೆ, ಗೆಳೆಯರು ಕರೆದರು ಅಂತ ಮೊದಲ ಸಲ ಬುತ್ತಿ ಊಟಕ್ಕೆ ಹೊರಟವರಿಗೆ ಈ ಲೇಖನ. ಚರಗ ಅಂದರೆ ದೇವರಿಗೆ ಎಡೆ ಹಿಡಿದ ಅಡುಗೆಯನ್ನು ಕಲಸಿ, ಹೊಲ ಸುತ್ತುತ್ತ ಬೆಳೆಯೊಳಗೆ ಎಸೆಯುವುದು.

ಮೊದಲು ದಿನ ನೋಡಿಕೊಳ್ಳಿ

ಇದು ಮಾರ್ಗಶಿರ ಮಾಸದ ಕೊನೆಯ ದಿನ. ಗೋಡೆ ಕ್ಯಾಲೆಂಡರಿನ ತಾರೀಖು ವರ್ಷ ವರ್ಷ ಬದಲಾಗುತ್ತದೆ. 2024ರಲ್ಲಿ ಜನವರಿ 11ಕ್ಕೆ ಬಂತು, ಅದೇ ವರ್ಷ ಡಿಸೆಂಬರ್ 30ಕ್ಕೆ ಮತ್ತೆ ಬಂತು, 2025ರಲ್ಲಿ ಡಿಸೆಂಬರ್ 19ಕ್ಕೇ ಮುಗಿಯಿತು. ಚಂದ್ರನ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 354 ದಿನ. ಹಾಗಾಗಿ ಹಬ್ಬ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಹೀಗೇ ಬಿಟ್ಟರೆ ಎಳ್ಳ ಅಮಾವಾಸ್ಯೆ ಮುಂಗಾರಿಗೆ ಬಂದು ನಿಲ್ಲುತ್ತದಲ್ವಾ? ಅದಕ್ಕೇ ಎರಡೂವರೆ ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಸೇರಿಸಿ ಪಂಚಾಂಗವನ್ನು ಮತ್ತೆ ಬೆಳೆಯ ಜೊತೆಗೆ ತರುತ್ತಾರೆ. 2023ರಲ್ಲಿ ಶ್ರಾವಣ ಎರಡು ಸಲ ಬಂದದ್ದು ಹೀಗೆ.

ಈ ಹೊತ್ತಿಗೆ ಹಿಂಗಾರಿ ಬಿಳಿಜೋಳ ಎದ್ದು ನಿಂತಿರುತ್ತದೆ, ಕಡಲೆ ಹೂ ಕಾಯಿಗೆ ಬಂದಿರುತ್ತದೆ. ಬೆಳೆ ಹೊತ್ತ ಭೂಮಿ ಬಸುರಿ ಹೆಂಗಸು ಅಂತ ನಂಬಿಕೆ. ಬಸುರಿಗೆ ಬಯಕೆ ಊಟ ಹಾಕಿ ಉಡಿ ತುಂಬುತ್ತೇವಲ್ಲ, ಅದನ್ನೇ ಹೊಲಕ್ಕೂ ಮಾಡುವುದು. ಇನ್ನು ಅಮಾವಾಸ್ಯೆ ಅಂದರೆ ಹಿರಿಯರ ದಿನವೂ ಹೌದು. ತೀರಿಕೊಂಡವರಿಗೆ ತರ್ಪಣ ಬಿಡುವಾಗ ನೀರಿನ ಜೊತೆ ಎಳ್ಳು ಬೇಕೇ ಬೇಕು. ತುಂಗಭದ್ರೆ ಹತ್ತಿರ ಇರುವವರು ಬೆಳಿಗ್ಗೆ ಹೊಳೆಗೆ ಹೋಗಿ ಮಿಂದು ಬರುತ್ತಾರೆ. ದೂರದವರಿಗೆ ಮನೆಯಲ್ಲೇ ತಲೆಸ್ನಾನ, ಸಾಕು.

ಅಡುಗೆಯ ಕೆಲಸವೇ ಜಾಸ್ತಿ

ಸಜ್ಜೆ ರೊಟ್ಟಿಯನ್ನು ಎರಡು ಮೂರು ದಿನ ಮೊದಲೇ ಬಡಿದಿಟ್ಟುಕೊಳ್ಳಿ. ಸಜ್ಜೆ ಹಿಟ್ಟಿನಲ್ಲಿ ಜಿಗುಟು ಕಡಿಮೆ. ಕುದಿಯುವ ನೀರು ಹಾಕಿ ನಾದಿದರೆ ಮಾತ್ರ ಅಂಚು ಒಡೆಯುವುದಿಲ್ಲ. ರೊಟ್ಟಿ ಅರ್ಧ ಬಡಿದ ಮೇಲೆ ಮೇಲೆ ಎಳ್ಳು ಉದುರಿಸಿ, ಒದ್ದೆ ಕೈಯಲ್ಲಿ ಮತ್ತೆ ಎರಡು ಸುತ್ತು ತಟ್ಟಿ. ಹೀಗೆ ಮಾಡಿದರೆ ಎಳ್ಳು ಹಿಟ್ಟಿನೊಳಗೆ ಕೂತುಕೊಳ್ಳುತ್ತದೆ. ಸುಮ್ನೆ ಉದುರಿಸಿ ಹಂಚಿನ ಮೇಲೆ ಹಾಕಿದರೆ ಅರ್ಧ ಎಳ್ಳು ಹಂಚಿನಲ್ಲೇ ಸೀದು ಹೋಗುತ್ತದೆ. ಸುಟ್ಟ ರೊಟ್ಟಿಯನ್ನು ಒಲೆ ಪಕ್ಕ ಒರಗಿಸಿ ಗರಿಗರಿಯಾಗಿ ಒಣಗಿಸಿ ಕಟಿ ಮಾಡಿ.

ಉಳಿದದ್ದು ಹಿಂದಿನ ರಾತ್ರಿ, ಇಲ್ಲವೇ ಅಂದು ನಸುಕಿನಲ್ಲಿ: ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ, ಕಡುಬು, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಮೊಸರು ಬುತ್ತಿ. ಕಲಬುರಗಿ ಕಡೆಯ ನಂಟಿರುವ ಮನೆಗಳಲ್ಲಿ ಹಸಿ ಕಾಳು, ಸೊಪ್ಪು ಎಲ್ಲ ಹಾಕಿ ಭಜ್ಜಿ ಮಾಡದಿದ್ದರೆ ಅದು ಹಬ್ಬವೇ ಅಲ್ಲ. ಎಲ್ಲವೂ ಆಗಬೇಕು ಅಂತೇನಿಲ್ಲ. ಆದರೆ ದೇವರಿಗೆ ಎಡೆ ಹಿಡಿಯುವ ಮೊದಲು ರುಚಿ ನೋಡಬೇಡಿ. ಉಪ್ಪು ಹೆಚ್ಚುಕಡಿಮೆ ಆದರೂ ದೇವರು ಬೈಯುವುದಿಲ್ಲ, ಬೈಯುವವರು ಬೇರೆ ಇರುತ್ತಾರೆ.

ಪಾಂಡವರನ್ನು ಕೂರಿಸುವುದು

ಮೊದಲೆಲ್ಲ ಕೊಲ್ಲಾರಿ ಬಂಡಿ ಕಟ್ಟುತ್ತಿದ್ದರು. ಈಗ ಟ್ರ್ಯಾಕ್ಟರ್, ಟಂಟಂ, ಕಾರು. ಯಾವುದರಲ್ಲಿ ಹೋದರೂ ಹೊಲದ ಬದುವಿನಲ್ಲೇ ಚಪ್ಪಲಿ ಬಿಡಿ.

ಹೊಲದಲ್ಲಿ ಬನ್ನಿ ಗಿಡ ಇದ್ದರೆ ಅದರ ಬುಡವೇ ಜಾಗ. ಇಲ್ಲವೇ ಬೇವಿನ ಗಿಡ, ಅದೂ ಇಲ್ಲ ಅಂದರೆ ಬೆಳೆ ಅಂಚು. ಅಂಗೈಯಲ್ಲಿ ಹಿಡಿಸುವಂಥ ಐದು ಕಲ್ಲು ಆರಿಸಿ. ಬೇರೆ ಕಡೆಯಿಂದ ತರಬೇಡಿ, ಅದೇ ಹೊಲದ್ದಾಗಿರಬೇಕು. ನೀರಲ್ಲಿ ತೊಳೆದು, ನೆಲ ಸ್ವಲ್ಪ ಕೆದರಿ, ಅಲುಗಾಡದಂತೆ ಸಾಲಾಗಿ ನಿಲ್ಲಿಸಿ. ಮೈಗೆಲ್ಲ ಸುಣ್ಣ ಬಳಿಯಿರಿ. ಸುಣ್ಣ ಒಣಗುವವರೆಗೆ ಕಾಯಿರಿ. ಅವಸರ ಮಾಡಿದರೆ ಕುಂಕುಮ ಹರಡಿ ಕಲ್ಲಿನ ಮುಖವೆಲ್ಲ ರಾಡಿಯಾಗುತ್ತದೆ. ಒಣಗಿದ ಮೇಲೆ ವಿಭೂತಿ, ಅರಿಶಿಣ, ಕುಂಕುಮ ಹಚ್ಚಿ. ಈ ಐವರು ಪಾಂಡವರು. ಕೆಲವರು ಹಿಂದೆ ಆರನೆಯ ಕಲ್ಲೊಂದು ಇಡುತ್ತಾರೆ. ಅದು ಕರ್ಣ. ಅಣ್ಣನಾಗಿ ಹುಟ್ಟಿಯೂ ಸಾಲಿನಲ್ಲಿ ಜಾಗ ಸಿಗದವನನ್ನು ಊಟಕ್ಕಾದರೂ ಕರೆದರಲ್ಲ ಅನ್ನುವುದು ನನಗೆ ಬಹಳ ಹಿಡಿಸುತ್ತದೆ.

ಬನ್ನಿ ಗಿಡವೇ ಯಾಕೆ? ಅಜ್ಞಾತವಾಸಕ್ಕೆ ವಿರಾಟನ ಊರಿಗೆ ಹೋಗುವ ಮುಂಚೆ ಪಾಂಡವರು ಆಯುಧ ಬಚ್ಚಿಟ್ಟದ್ದು ಬನ್ನಿ ಮರದಲ್ಲಿ. ದಸರೆಗೆ ಬನ್ನಿ ಹಂಚುವುದೂ ಇದೇ ಕಥೆಯಿಂದ.

ಇನ್ನು ಪೂಜೆ. ಶಾಸ್ತ್ರದಲ್ಲಿ ಹದಿನಾರು ಉಪಚಾರ ಹೇಳಿದೆ. ಕೇಳಿದರೆ ಹೆದರಿಕೆಯಾಗುತ್ತದೆ. ಬಿಡಿಸಿ ನೋಡಿದರೆ ಅದು ಮನೆಗೆ ಬಂದ ಬೀಗರನ್ನು ನೋಡಿಕೊಳ್ಳುವ ರೀತಿಯೇ: ಕರೆಯುವುದು, ಕೂರಿಸುವುದು, ಕಾಲಿಗೆ ನೀರು, ಬಟ್ಟೆ, ಹೂವು, ಊಟ, ಎಲೆ ಅಡಿಕೆ, ಕೊನೆಗೆ ಕಳಿಸಿಕೊಡುವುದು. ಹೊಲದಲ್ಲೂ ಅಷ್ಟೇ. ಹೊಸ ಕುಬಸದ ಬಟ್ಟೆ ಇಟ್ಟು, ಅಕ್ಕಿ, ಉತ್ತತ್ತಿ, ಅರಿಶಿಣ ಕೊಂಬು, ಕೊಬ್ಬರಿ ಬಟ್ಟಲು, ಎಲೆ ಅಡಿಕೆ ಹಾಕಿ ಭೂಮಿತಾಯಿಗೆ ಉಡಿ ತುಂಬಿ. ದೀಪ, ಊದುಬತ್ತಿ ಹಚ್ಚಿ, ಕಾಯಿ ಒಡೆದು, ಮಾಡಿದ ಅಡುಗೆಯಲ್ಲೆಲ್ಲ ಒಂದಿಷ್ಟು ಎಡೆ ಹಿಡಿಯಿರಿ. ಮಂತ್ರ ಬಂದರೆ ಹೇಳಿ, ಬಾರದಿದ್ದರೆ ಮನೆದೇವರ ಹೆಸರು ಹೇಳಿ. ಹುಲಿಗೆಮ್ಮ, ವೀರಭದ್ರ, ಹನುಮಪ್ಪ, ಯಾರಾದರೂ ಆದೀತು. ದೇವರು ಒಬ್ಬನೇ, ಹೆಸರು ಹಲವು ಅಂತ ದೊಡ್ಡವರು ಹೇಳುವುದನ್ನು ಇಲ್ಲಿ ಯಾರೂ ವಾದಿಸಲು ಹೋಗುವುದಿಲ್ಲ. ಅವರವರ ದೇವರನ್ನು ಅವರವರು ನೆನೆದು ಒಂದೇ ಕಲ್ಲಿಗೆ ಕೈ ಮುಗಿಯುತ್ತಾರೆ.

ಚರಗ

ಎಡೆ ಹಿಡಿದ ಎಲ್ಲ ಅಡುಗೆಯನ್ನೂ ಒಂದು ಬುಟ್ಟಿಯಲ್ಲಿ ಕಲಸಿ. ರೊಟ್ಟಿ ಮುರಿದು ಹಾಕಿ, ಕಡುಬು, ಹೋಳಿಗೆ ಚೂರು ಮಾಡಿ. ಒಬ್ಬರು ಬುಟ್ಟಿ ಹಿಡಿದು ಮುಂದೆ, ಇನ್ನೊಬ್ಬರು ತಂಬಿಗೆ ನೀರು ಚಿಮುಕಿಸುತ್ತ ಹಿಂದೆ. ಹೊಲ ಬಲಗಡೆ ಇರುವಂತೆ, ಗುಡಿ ಸುತ್ತುವ ಹಾಗೆಯೇ ಸುತ್ತು ಬನ್ನಿ. ಹಿಡಿ ಹಿಡಿಯಾಗಿ ಬೆಳೆಯೊಳಗೆ ಎಸೆಯುತ್ತ ಮುಂದಿನವರು 'ಹುಲ್ಲುಲ್ಲಿಗೋ' ಅಂದರೆ ಹಿಂದಿನವರು 'ಚಲಾಂಬ್ರಿಗೋ' ಅನ್ನಬೇಕು. ಊರಿಂದೂರಿಗೆ ಕೂಗು ಬೇರೆ. ನಿಮ್ಮ ಊರಿನ ಹಿರಿಯರು ಹೇಗೆ ಕೂಗುತ್ತಾರೋ ಹಾಗೇ ಕೂಗಿ. ಮೆಲ್ಲಗೆ ಮಾತ್ರ ಬೇಡ, ಪಕ್ಕದ ಹೊಲಕ್ಕೆ ಕೇಳಬೇಕು.

ಚರಗ ತಿನ್ನಲು ಬಂದ ಹಕ್ಕಿಗಳು ಬೆಳೆಯ ಹುಳವನ್ನೂ ಹೆಕ್ಕುತ್ತವೆ, ಹಿರಿಯರ ವಿಜ್ಞಾನ ಇದು ಅಂತ ಕೆಲವರು ಹೇಳುತ್ತಾರೆ. ಇರಬಹುದು. ಆದರೆ ಒಂದು ದಿನದ ಕಡುಬಿನ ಚೂರಿಗೆ ಕಾಯಿಕೊರಕ ಹುಳ ಹೋಗುತ್ತದೆ ಅಂತ ನಂಬಿ ಕೂರಬೇಡಿ. ಹೊಲದಲ್ಲಿ ಬೆಳೆದದ್ದರಲ್ಲಿ ಇರುವೆ, ಹಕ್ಕಿ, ಇಲಿ ಎಲ್ಲದಕ್ಕೂ ಪಾಲಿದೆ, ಅವಕ್ಕೆ ಕೊಟ್ಟ ಮೇಲೆಯೇ ನಮ್ಮ ಊಟ. ಚರಗಕ್ಕೆ ಈ ಕಾರಣವೇ ಸಾಕು ಅನ್ನಿಸುತ್ತದೆ ನನಗೆ. ನೀರಾವರಿ ಭತ್ತದ ಗದ್ದೆಯಾದರೆ ಕೆಸರಿಗೆ ಇಳಿಯಬೇಡಿ, ಬದುವಿನ ಮೇಲೆ ನಡೆದರೂ ನಡೆಯುತ್ತದೆ.

ಊಟ, ಆಮೇಲೆ

ಚರಗ ಮುಗಿಯುವ ತನಕ ಯಾರೂ ಉಣ್ಣುವಂತಿಲ್ಲ. ಮಕ್ಕಳಿಗೆ ವಿನಾಯಿತಿ ಇದೆ. ಆಮೇಲೆ ಗಿಡದ ನೆರಳಲ್ಲಿ ಎಲ್ಲರೂ ಸಾಲಾಗಿ ಕೂರಬೇಕು. ಪಕ್ಕದ ಹೊಲದವರು, ಕೆಲಸದವರು, ಊರಿನ ಮುಸ್ಲಿಂ ಗೆಳೆಯರು ಎಲ್ಲರನ್ನೂ ಕರೆಯುವುದು ವಾಡಿಕೆ. ದಾರಿಯಲ್ಲಿ ಹೋಗುವವರು ಸಿಕ್ಕರೂ ಕೂಗಿ ಕರೆಯುತ್ತಾರೆ, ನೀವೂ ಕರೆಯಿರಿ. ಕಡಲೆ ಹೊಲ ಇದ್ದರೆ ಊಟದ ನಡುವೆ ಎದ್ದು ಎಳೆ ಸೊಪ್ಪು ಕಿತ್ತು ರೊಟ್ಟಿಗೆ ಸುತ್ತಿ ತಿನ್ನಿ. ಅದರ ಹುಳಿ ಬೇರೆಲ್ಲೂ ಸಿಗುವುದಿಲ್ಲ. ಔಷಧಿ ಹೊಡೆದಿದ್ದಾರಾ ಅಂತ ಮಾತ್ರ ಮೊದಲು ಕೇಳಿಕೊಳ್ಳಿ.

ಹೊರಡುವಾಗ ಕಲ್ಲುಗಳನ್ನು ಅಲ್ಲೇ ಬಿಡಿ. ಪ್ಲಾಸ್ಟಿಕ್ ಲೋಟ, ಕ್ಯಾರಿ ಬ್ಯಾಗ್ ಬಿಡಬೇಡಿ. ಕಟಿ ರೊಟ್ಟಿ ಉಳಿದಿದ್ದರೆ ವಾರಗಟ್ಟಲೆ ಕೆಡುವುದಿಲ್ಲ, ಮನೆಗೆ ಒಯ್ಯಿರಿ. ಪುಷ್ಯ ಬಹುಳ ಬಿದಿಗೆಗೆ, ಅಂದರೆ ಎಳ್ಳ ಅಮಾವಾಸ್ಯೆ ಆದ ಹದಿನಾರು ಹದಿನೇಳು ದಿನಕ್ಕೆ, ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ ಬರುತ್ತದೆ. ಊರೂರಿಂದ ದಾಸೋಹಕ್ಕೆ ರೊಟ್ಟಿ ಹೋಗುತ್ತವೆ. ಅದಕ್ಕೆ ಕೊಡುವವರು ಹಬ್ಬದಲ್ಲಿ ಉಳಿದದ್ದನ್ನು ಕೊಡಬೇಡಿ, ಹೊಸದಾಗಿ ಬಡಿದು ಕಳಿಸಿ.