ಬೀಜ ಆರಿಸುತ್ತಿದ್ದವರ ಕೈಗೆ ಕಲರ್ ಸಾರ್ಟರ್: ನನ್ನ ಅನುಭವ

ನಮ್ಮ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಅಂದರೆ ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜವನ್ನು ದರ್ಜೆವಾರು ಬೇರ್ಪಡಿಸುವ ಕಾರ್ಖಾನೆಯಲ್ಲಿ, ಬಣ್ಣ ನೋಡಿ ಕೆಟ್ಟ ಬೀಜ ತೆಗೆಯುವ ಎರಡು ಕಲರ್ ಸಾರ್ಟರ್ ಮೆಷಿನ್‌ಗಳಿವೆ. ಎರಡನ್ನೂ ಈಗ ನಡೆಸುತ್ತಿರುವುದು ಹಿಂದೆ ನೆಲದ ಮೇಲೆ ಸಾಲಾಗಿ ಕುಳಿತು ಕೈಯಲ್ಲಿ ಬೀಜ ಆರಿಸುತ್ತಿದ್ದ ಹೆಂಗಸರು. ಮೆಷಿನ್ ನಡೆಸುವ ಗಂಡಸರಿಗೆ ಎಷ್ಟು ಕೂಲಿಯೋ ಅವರಿಗೂ ಅಷ್ಟೇ, ಹಾಜರಿ ಪುಸ್ತಕವೂ ಒಂದೇ. ಇದು ಒಂದು ಸೀಸನ್ ಕೂಡ ನಡೆಯುವುದಿಲ್ಲ ಎಂದು ಚಿಕ್ಕಮಗಳೂರಿನ ನಮ್ಮ ಕಸುಬಿನವರಲ್ಲಿ ಹೆಚ್ಚಿನವರು ಹೇಳಿದ್ದರು. ಎರಡು ಮೂರು ಸೀಸನ್ ಕಳೆದಿವೆ, ನಡೆಯುತ್ತಿದೆ. ಹಾಸನ, ಸಕಲೇಶಪುರದ ಕಡೆಯಿಂದಲೂ ಕೆಲವರು ಬಂದು ನೋಡಿಕೊಂಡು ಹೋದರು. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಬರೆದುಬಿಡೋಣ ಎನ್ನಿಸಿತು. ಔಟ್‌ಟರ್ನ್ (ಸಿಪ್ಪೆ ತೆಗೆದ ಮೇಲೆ ಸಿಗುವ ಬೀಜದ ಪ್ರಮಾಣ), ಗ್ರೇಡಿಂಗ್ ಎಲ್ಲ ಓದುವವರಿಗೆ ಗೊತ್ತಿರುವುದೇ, ಅದಕ್ಕೆ ಕೈ ಹಾಕುವುದಿಲ್ಲ.

ಎರಡನೆಯ ಮೆಷಿನ್ ಬಂದಾಗ ಪ್ರಶ್ನೆ ಎದ್ದಿತು. ಮೂವತ್ತು ಲಕ್ಷದ ಆಸುಪಾಸಿನ ಮೆಷಿನ್, ಮುಕ್ಕಾಲು ಪಾಲು ಬ್ಯಾಂಕ್ ಸಾಲ. ಆರಿಸುವ ಕೆಲಸಕ್ಕೆ ಸೀಸನ್‌ನಲ್ಲಿ ನಲವತ್ತು ನಲವತ್ತೈದು ಹೆಂಗಸರು ಬರುತ್ತಿದ್ದರು. ಇನ್ನು ಮುಂದೆ ಅವರಲ್ಲಿ ಅರ್ಧ ಜನ ಸಾಕು ಎಂಬುದು ಲೆಕ್ಕ ನೋಡುವ ನನ್ನ ಭಾವನ ಅಭಿಪ್ರಾಯ. ಮೆಷಿನ್ ನಡೆಸಲು ಐಟಿಐ ಓದಿದ ಹುಡುಗರನ್ನು ತರುವುದು, ಹೆಂಗಸರಿಗೆ ಸ್ವಲ್ಪ ಹಣ ಕೊಟ್ಟು ಕಳುಹಿಸುವುದು ಎಂದು ಅವರು ಕಾಗದದ ಮೇಲೆ ಬರೆದೇ ಇಟ್ಟಿದ್ದರು. ಜಿಲ್ಲೆಯಲ್ಲಿ ಬೇರೆ ಕಡೆಗಳಲ್ಲೂ ಹೀಗೆಯೇ ಆಗಿದೆ. ಮೆಷಿನ್ ಬಂದ ಕಡೆಯೆಲ್ಲ ಮೊದಲು ಹೊರಗೆ ಹೋದವರು ಹೆಂಗಸರು. ಇಪ್ಪತ್ತು ವರ್ಷ ನಮ್ಮ ಕಾಫಿಗೆ ಹೆಸರು ತಂದುಕೊಟ್ಟವರನ್ನು ಹಾಗೆ ಕಳುಹಿಸುವುದು ನನ್ನಿಂದಾಗಲಿಲ್ಲ.

ಕಸುಬಿನ ಕಾರಣವೂ ಒಂದಿತ್ತು. ಕಲರ್ ಸಾರ್ಟರ್‌ನ ಕ್ಯಾಮೆರಾ ಬಣ್ಣ ನೋಡುತ್ತದೆ, ಗಾಳಿಯ ನಳಿಕೆ ಕೆಟ್ಟ ಬೀಜವನ್ನು ಊದಿ ಹೊರಗೆ ಹಾಕುತ್ತದೆ. ಆದರೆ ಯಾವುದು ಕೆಟ್ಟದ್ದು ಎಂದು ಮೆಷಿನ್‌ಗೆ ಹೇಳಿಕೊಡಬೇಕಾದವರು ನಾವು. ಸೂಕ್ಷ್ಮತೆ ಜಾಸ್ತಿ ಇಟ್ಟರೆ ಒಳ್ಳೆಯ ಬೀಜವೂ ರಿಜೆಕ್ಟ್‌ಗೆ ಬೀಳುತ್ತದೆ, ಕಡಿಮೆ ಇಟ್ಟರೆ ಕಪ್ಪು ಬೀಜ ಮೇಲ್ದರ್ಜೆಯ ಎಎ ಗ್ರೇಡ್ ಒಳಗೇ ಉಳಿಯುತ್ತದೆ. ಮೊದಲ ಮೆಷಿನ್ ನಡೆಸುತ್ತಿದ್ದ ಹುಡುಗರು ಬೈಗುಳ ತಪ್ಪಿಸಿಕೊಳ್ಳಲು ಸೂಕ್ಷ್ಮತೆಯನ್ನು ಯಾವಾಗಲೂ ಮೇಲೆಯೇ ಇಡುತ್ತಿದ್ದರು. ರಿಜೆಕ್ಟ್ ಮೂಟೆ ಬಿಚ್ಚಿ ನೋಡಿದರೆ ಸುಮಾರು ಮೂರರಲ್ಲಿ ಒಂದು ಪಾಲು ಒಳ್ಳೆಯ ಬೀಜವೇ ಇರುತ್ತಿತ್ತು. ಅರೇಬಿಕಾ ಪಾರ್ಚ್‌ಮೆಂಟ್ (ಒಳಸಿಪ್ಪೆ ಇನ್ನೂ ತೆಗೆಯದ ಒಣ ಕಾಫಿ) 50 ಕಿಲೋ ಚೀಲಕ್ಕೆ ಇಪ್ಪತ್ತು ಸಾವಿರ ದಾಟಿದ ಕಾಲದಲ್ಲಿ ಆ ಬೀಜವನ್ನು ತೀರಾ ಕೆಳದರ್ಜೆಯ ಬಿಬಿಬಿ ದರಕ್ಕೆ ಮಾರುವುದೆಂದರೆ ಹೊಟ್ಟೆ ಉರಿಯುತ್ತದೆ. ಮತ್ತೆ ಮೆಷಿನ್‌ಗೆ ಹಾಕಿದರೆ ಕರೆಂಟು, ಸಮಯ ಎರಡೂ ದಂಡ.

ಆರಿಸುವ ಹೆಂಗಸರ ಕಣ್ಣು ಬೇರೆಯೇ. ಕಪ್ಪು, ಕಂದು, ಕಾಯಿಕೊರಕ ತೂತು ಮಾಡಿದ್ದು, ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಕಚ್ಚಿದ್ದು, ಮಳೆಗೆ ಸಿಕ್ಕಿ ಬಿಳಿಚಿದ್ದು, ಎಲ್ಲವನ್ನೂ ಅವರು ಮಾತಾಡುತ್ತಲೇ ಬೇರ್ಪಡಿಸುತ್ತಾರೆ. ಹುದುಗಿ ಕೊಳೆತ ಸ್ಟಿಂಕರ್ ಬೀಜ ಎಷ್ಟೋ ಸಲ ಬಣ್ಣದಲ್ಲಿ ಸಿಕ್ಕಿಬೀಳುವುದಿಲ್ಲ. ಇವರು ಒಂದು ಬೊಗಸೆ ಮೂಸಿ ಲಾಟ್‌ನಲ್ಲಿ ಅದು ಇದೆ ಎಂದುಬಿಡುತ್ತಾರೆ. ಗುಂಡಿ ಒತ್ತುವುದನ್ನು ಯಾರಿಗೂ ಹದಿನೈದು ದಿನದಲ್ಲಿ ಕಲಿಸಬಹುದು. ಈ ಕಣ್ಣು, ಮೂಗನ್ನು ಕಲಿಸಲು ಹತ್ತು ವರ್ಷ ಬೇಕು. ನನ್ನ ವಾದ ಇಷ್ಟೇ ಆಗಿತ್ತು. ‘ಹೆಂಗಸರ ಕೈಗೆ ಮೂವತ್ತು ಲಕ್ಷದ ಮೆಷಿನ್ ಕೊಡುತ್ತೀರಾ?’ ಎಂದು ಕೇಳದವರೇ ಇರಲಿಲ್ಲ.

ಮೊದಲ ಪ್ರಯತ್ನಗಳು ಹಾಳಾದವು. ಬೆಂಗಳೂರಿನಿಂದ ತರಬೇತುದಾರರನ್ನು ಕರೆಸಿ ಸಮಾನತೆ, ಒಳಗೊಳ್ಳುವಿಕೆ ಎಂದು ಎರಡು ದಿನ ಭಾಷಣ ಮಾಡಿಸಿದೆವು. ಊಟ, ವಸತಿ, ಕಾರು ಸೇರಿ ಐವತ್ತು ಸಾವಿರದ ಹತ್ತಿರ ಹೋಯಿತು. ಮೂರನೆಯ ದಿನ ಎಲ್ಲರೂ ಅವರವರ ಹಳೆಯ ಜಾಗದಲ್ಲಿದ್ದರು. ಆಮೇಲೆ ಚುರುಕಾದ ಒಬ್ಬಳನ್ನು ಆರಿಸಿ ಮೆಷಿನ್ ಕಡೆ ಹಾಕಿದೆವು. ಗಂಡಸರ ನಡುವೆ ಅವಳೊಬ್ಬಳೇ. ಏರ್ ಕಂಪ್ರೆಸರ್‌ನಲ್ಲಿ ನೀರು ತುಂಬಿ ನಳಿಕೆ ಕಟ್ಟಿಕೊಂಡರೂ ಅವಳದೇ ತಪ್ಪು, ಕರೆಂಟು ಹೋದರೂ ಅವಳದೇ ತಪ್ಪು. ತಿಂಗಳೊಳಗೆ ಬರುವುದನ್ನೇ ಬಿಟ್ಟಳು. ರಾತ್ರಿ ಪಾಳಿಯನ್ನೂ ನೋಡಿದೆವು. ಒಪ್ಪಿಗೆ ಪತ್ರ ಬರೆಸಿಕೊಂಡು ಜೀಪ್ ಇಟ್ಟೆವು. ಆಲ್ದೂರು, ಮಲ್ಲಂದೂರು ಕಡೆಯ ಮನೆಗಳಿಗೆ ಸುತ್ತಾಡಿಸಿ ಬಿಡುವಷ್ಟರಲ್ಲಿ ಡೀಸೆಲ್ ಖರ್ಚು ಕೂಲಿಗಿಂತ ಹೆಚ್ಚಾಯಿತು. ಮನೆಗಳಲ್ಲಿ ಜಗಳವೂ ಶುರುವಾಯಿತು. ಅದನ್ನು ಕೈಬಿಟ್ಟೆವು.

ಕೊನೆಗೆ ಹಿಡಿದ ದಾರಿ ಎಂದರೆ ಒಂದು ಮೆಷಿನ್‌ಗೆ ಮೂವರನ್ನು ಒಟ್ಟಿಗೆ ಹಾಕುವುದು. ಒಬ್ಬರು ಮೆಷಿನ್ ಹತ್ತಿರ, ಒಬ್ಬರು ರಿಜೆಕ್ಟ್ ನೋಡಲು, ಒಬ್ಬರು ಕಲಿಯಲು. ಮೂವರಿದ್ದರೆ ಗಂಡಸರ ಮಾತಿಗೆ ತಿರುಗಿ ಮಾತು ಹುಟ್ಟುತ್ತದೆ, ಒಬ್ಬರು ರಜೆ ಹಾಕಿದರೂ ಜಾಗ ಖಾಲಿಯಾಗುವುದಿಲ್ಲ. ಹುಡುಗರಲ್ಲಿ ಇಬ್ಬರನ್ನು ಮೆಕ್ಯಾನಿಕ್ ಕೆಲಸಕ್ಕೆ ಮೇಲೆತ್ತಿದೆವು, ಯಾರ ಅನ್ನವನ್ನೂ ಕಿತ್ತುಕೊಳ್ಳಲಿಲ್ಲ. ಸೆಟ್ಟಿಂಗ್ ಕಲಿಸಲು ಒಂದು ಮಾದರಿ ತಟ್ಟೆ ಮಾಡಿಕೊಂಡಿದ್ದೇವೆ. ಪ್ರತಿ ಲಾಟ್‌ಗೂ ಮೊದಲು ಆ ತಟ್ಟೆಯಲ್ಲಿ ಬೀಜ ಜೋಡಿಸಿ, ಅದನ್ನು ನೋಡಿ ಸೂಕ್ಷ್ಮತೆಯ ಅಂಕಿ ಹಾಕುತ್ತಾರೆ. ತಟ್ಟೆಯಲ್ಲಿ ಯಾವ ಬೀಜ ಯಾವ ಪ್ರಮಾಣದಲ್ಲಿ ಇರುತ್ತದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಹಿಡಿದವರು ನಮ್ಮಲ್ಲಿ ಇಪ್ಪತ್ತು ವರ್ಷ ಬೀಜ ಆರಿಸಿದ ಅಕ್ಕ ಒಬ್ಬರು, ಅದು ಅವರ ಆಸ್ತಿ. ರಿಜೆಕ್ಟ್‌ನಲ್ಲಿ ಒಳ್ಳೆಯ ಬೀಜ ಈಗ ಹತ್ತರಲ್ಲಿ ಒಂದು ಪಾಲಿಗೆ ಇಳಿದಿದೆ ಎಂಬುದನ್ನು ಮಾತ್ರ ಹೆಮ್ಮೆಯಿಂದ ಹೇಳುತ್ತೇನೆ. ಇಷ್ಟು ಚೊಕ್ಕ ರಿಜೆಕ್ಟ್ ಮೂಟೆ ನಮ್ಮ ಸುತ್ತಮುತ್ತ ನಾನು ಬೇರೆಲ್ಲೂ ನೋಡಿಲ್ಲ.

ಇನ್ನೊಂದು ಅಡ್ಡಿ ತೂಕ. ಮೆಷಿನ್‌ಗೆ ಬೀಜ ತುಂಬುವ ಹಾಪರ್‌ಗೆ 50 ಕಿಲೋ ಚೀಲ ಎತ್ತಿ ಸುರಿಯಬೇಕು, ಅದು ಗಂಡಸರ ಕೆಲಸ ಎಂಬ ಕಾರಣಕ್ಕೇ ಮೆಷಿನ್ ಇಡೀ ಗಂಡಸರದಾಗಿತ್ತು. ಹಾಪರ್ ಬಾಯಿಯನ್ನೇ ನೆಲಮಟ್ಟಕ್ಕೆ ಇಳಿಸಿ, ಗುಂಡಿ ತೋಡಿ, ಮೇಲೆ ಕಬ್ಬಿಣದ ಜಾಲರಿ ಹಾಕಿಸಿದೆವು. ಗಾರೆ ಕೆಲಸ, ಬೀಜ ಮೇಲೆತ್ತುವ ಎಲಿವೇಟರ್ ಉದ್ದ ಮಾಡಿಸಿದ್ದು ಎಲ್ಲ ಸೇರಿ ಎಪ್ಪತ್ತು ಸಾವಿರದ ಸುತ್ತ. ಈಗ ಕೈಗಾಡಿಯಲ್ಲಿ ತಂದು ಚೀಲದ ಬಾಯಿ ಬಿಚ್ಚಿದರೆ ಸಾಕು. ಇದಕ್ಕೆ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವರು ಸೊಂಟನೋವಿನ ಹಳೆಯ ಹಮಾಲರು. ಬೀಜವನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಗ್ರೇಡರ್‌ಗೂ ಹೀಗೆಯೇ ಮಾಡಿಸಿಕೊಡಿ ಎಂದು ಅವರೇ ಕೇಳಿದರು, ಮಾಡಿಸಿದೆವು.

ಕೂಲಿಯ ವಿಷಯಕ್ಕೆ ಬರುತ್ತೇನೆ, ನಿಜವಾದ ಜಗಳ ಅಲ್ಲೇ. ಸಮಾನ ಕೆಲಸಕ್ಕೆ ಸಮಾನ ಸಂಬಳ ಎಂಬ ಕಾಯ್ದೆ 1976ರಲ್ಲೇ ಬಂದಿತ್ತು. ಎಲ್ಲರೂ ನುಸುಳುವ ದಾರಿ ಎಂದರೆ ಹೆಂಗಸರ ಕೆಲಸವನ್ನು ಅಕುಶಲ ಎಂದು ಬರೆದುಬಿಡುವುದು. ನಾವು ಸಾರ್ಟರ್ ನಡೆಸುವವರನ್ನೆಲ್ಲ ಕುಶಲ ದರ್ಜೆಗೆ ಬರೆದೆವು. ದಿನಕ್ಕೆ ತಲೆಗೆ ನೂರು ನೂರಿಪ್ಪತ್ತು ರೂಪಾಯಿ ಹೆಚ್ಚಾಯಿತು, ಸೀಸನ್‌ಗೆ ಒಂದು ಒಂದೂಕಾಲು ಲಕ್ಷ. ರಿಜೆಕ್ಟ್‌ನಿಂದ ಉಳಿದ ಒಳ್ಳೆಯ ಬೀಜದ ಬೆಲೆ ನಮ್ಮ ಸ್ವಂತ ಖರೀದಿಯ ಲಾಟ್‌ಗಳಲ್ಲೇ ಮೂರು ಲಕ್ಷದ ಹತ್ತಿರ ಬಂತು. ಭಾವ ಎರಡು ಸಲ ಕೂಡಿ ನೋಡಿದರು, ಆಮೇಲೆ ಆ ಮಾತು ಎತ್ತಲಿಲ್ಲ. ಪಕ್ಕದ ಮಾಲೀಕರು ಮಾತ್ರ ನಮ್ಮ ಆಳುಗಳೂ ಕೇಳಲು ಶುರು ಮಾಡುತ್ತಾರೆ ಎಂದು ಮುನಿಸಿಕೊಂಡರು. ಕೇಳಲಿ ಎಂಬುದೇ ನನ್ನ ಆಸೆ. ನಡುವೆ ಒಬ್ಬೊಬ್ಬರಿಗೆ ಬೇರೆ ಬೇರೆ ಬೋನಸ್ ಕೊಟ್ಟು ನೋಡಿದೆವು. ತಮ್ಮ ರಿಜೆಕ್ಟನ್ನು ಪಕ್ಕದವರ ಮೂಟೆಗೆ ಸುರಿಯುವುದು ಶುರುವಾಯಿತು. ಮೂವರ ತಂಡಕ್ಕೆ ಒಂದೇ ಬೋನಸ್ ಎಂದ ಮೇಲೆ ನಿಂತಿತು.

ಕಾಫಿಯ ಸಿಪ್ಪೆ ತೆಗೆಯುವ ಹಲ್ಲರ್ ಮನೆಯಲ್ಲಿ ಇನ್ನೊಂದು ಪ್ರಯೋಗ ತಾನಾಗಿ ಹುಟ್ಟಿಕೊಂಡಿತು. ಅಲ್ಲಿ ಪಕ್ಕದಲ್ಲಿ ನಿಂತು ಕೂಗಿದರೂ ಕೇಳುವುದಿಲ್ಲ. ಕಿವಿ ಕೇಳದ ಇಬ್ಬರು ಹುಡುಗರು ಕೆಲಸ ಕೇಳಿಕೊಂಡು ಬಂದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ, ಆದರೆ ನಮ್ಮ ಕಸುಬಿನಲ್ಲಿ ಒಬ್ಬರನ್ನೂ ಮೆಷಿನ್ ಹತ್ತಿರ ಬಿಡುವುದಿಲ್ಲ. ಅಪಾಯದ ಸೂಚನೆಗೆ ಗಂಟೆಯ ಜೊತೆ ಕೆಂಪು ದೀಪ ಹಾಕಿಸಿದೆವು. ಒಂದಕ್ಕೆ ನಾಲ್ಕು ಸಾವಿರದಷ್ಟು, ಮೋಟಾರ್ ನಿಂತರೆ ತಾನೇ ಹೊತ್ತಿಕೊಳ್ಳುತ್ತದೆ. ಆ ಗದ್ದಲದಲ್ಲಿ ಆರಾಮಾಗಿ ಮಾತಾಡಿಕೊಳ್ಳುತ್ತಿದ್ದವರು ಅವರಿಬ್ಬರೇ! ನಿಲ್ಲಿಸು, ಬೆಲ್ಟ್ ಜಾರಿದೆ, ಮೂಟೆ ತುಂಬಿತು, ನೀರು ಬೇಕು, ಇಷ್ಟಕ್ಕೆ ಸನ್ನೆಗಳನ್ನು ಉಳಿದವರೂ ಕಲಿತರು. ಅಸ್ಸಾಂನಿಂದ ಬಂದ ಕೆಲಸಗಾರರಿಗೂ ಕನ್ನಡದ ಮೊದಲು ಬಂದದ್ದು ಈ ಸನ್ನೆಗಳೇ. ಕಿವಿಯ ರಕ್ಷಣೆಯ ಸಾಧನ ಕೇಳುವವರಿಗೂ ಕೇಳದವರಿಗೂ ಕಡ್ಡಾಯ, ಅದರಲ್ಲಿ ವಿನಾಯಿತಿ ಕೊಡಬೇಡಿ.

ಚಹಾ ಲೋಟದ ವಿಷಯವನ್ನು ನಮ್ಮವರು ಯಾರೂ ಬರೆಯುವುದಿಲ್ಲ, ಆದ್ದರಿಂದ ನಾನೇ ಬರೆಯುತ್ತೇನೆ. ನಮ್ಮಲ್ಲಿ ಲೋಟಗಳಿಗೆ ಎರಡು ಕಪಾಟು ಇದ್ದವು. ಯಾರೂ ಹೆಸರಿಟ್ಟು ಹೇಳುತ್ತಿರಲಿಲ್ಲ, ಆದರೆ ಯಾರ ಲೋಟ ಎಲ್ಲಿಡಬೇಕೆಂದು ಎಲ್ಲರಿಗೂ ಗೊತ್ತಿತ್ತು. ಕಪಾಟುಗಳನ್ನು ಕಿತ್ತುಹಾಕಿ ಒಂದೇ ಬಗೆಯ ಸ್ಟೀಲ್ ಲೋಟ ತಂದೆವು. ಒಂದು ವಾರದಲ್ಲಿ ಕೆಲವು ಲೋಟಗಳ ತಳದಲ್ಲಿ ಮೊಳೆಯಿಂದ ಗೀರಿದ ಗುರುತು ಕಾಣಿಸಿಕೊಂಡಿತು. ಅವನ್ನೆಲ್ಲ ತೆಗೆದು ಗುಜರಿಗೆ ಹಾಕಿ ಮತ್ತೆ ತಂದೆವು. ಚಹಾ ಕಾಯಿಸುವುದು, ಕೊಡುವುದು, ತೊಳೆಯುವುದು ಎಲ್ಲರಿಗೂ ಸರದಿ, ನನಗೂ ಭಾವನಿಗೂ ಸೇರಿ. ಕುಡಿಯಲು ಇಷ್ಟವಿಲ್ಲದವರು ಮನೆಯಿಂದ ಫ್ಲಾಸ್ಕ್ ತರಲಿ, ಸರದಿ ಮಾತ್ರ ತಪ್ಪಿಸುವಂತಿಲ್ಲ ಎಂದೆವು. ಮೇಸ್ತ್ರಿ ಒಬ್ಬರು ಕೆಲಸ ಬಿಟ್ಟರು. ಹಳಬರು, ಕೆಲಸ ಬಲ್ಲವರು, ಅವರಿಲ್ಲದೆ ಆ ತಿಂಗಳು ಲೋಡಿಂಗ್ ತಡವಾಗಿ ಸಾಕಷ್ಟು ನಷ್ಟವಾಯಿತು. ಆದರೂ ಈ ಒಂದು ವಿಷಯದಲ್ಲಿ ಚೌಕಾಸಿಗೆ ಜಾಗವೇ ಇಲ್ಲ. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ, ನನ್ನ ಶೆಡ್ಡಿನ ಗೋಡೆಯ ಒಳಗೆ ಅದು ಹೇಗೆ ಉಳಿಯಲು ಸಾಧ್ಯ?

ಲೈಂಗಿಕ ಕಿರುಕುಳದ ದೂರಿಗೆ 2013ರ ಕಾಯ್ದೆಯ ಪ್ರಕಾರ ಆಂತರಿಕ ಸಮಿತಿ ಬೇಕು, ಹತ್ತು ಜನ ಕೆಲಸಗಾರರಿದ್ದರೂ ಬೇಕು. ಕಾಗದದಲ್ಲಿ ನಮ್ಮದೂ ಇತ್ತು. ದೂರಿನ ಪೆಟ್ಟಿಗೆ ಹಾಜರಿ ಬರೆಯುವವರ ಮೇಜಿನ ಪಕ್ಕದಲ್ಲಿ ತೂಗುತ್ತಿತ್ತು, ಒಂದು ಚೀಟಿಯೂ ಬೀಳಲಿಲ್ಲ. ಅದನ್ನು ಹೆಂಗಸರ ಶೌಚಾಲಯದ ಒಳಗೆ ಸಾಗಿಸಿ, ಬೀಗದ ಕೈಯನ್ನು ಸಮಿತಿಯ ಹೊರಗಿನ ಸದಸ್ಯೆಗೆ ಕೊಟ್ಟ ಮೇಲೆ ಚೀಟಿಗಳು ಬಂದವು. ಒಂದು ದೂರು ವಿಚಾರಣೆಗೆ ಹೋಗಿ ಒಬ್ಬನ ಕೆಲಸ ಹೋಯಿತು. ಅದಕ್ಕಿಂತ ಹೆಚ್ಚು ಇಲ್ಲಿ ಬರೆಯುವುದು ಸರಿಯಲ್ಲ.

ಸಮಯ ಬದಲಾಯಿಸಿದ್ದು ಕಡಿಮೆ ಖರ್ಚಿನ ದೊಡ್ಡ ಕೆಲಸ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಬಸ್ ಉಚಿತವಾಯಿತು. ಅಲ್ಲಿಯವರೆಗೆ ದಿನಕ್ಕೆ ನಲವತ್ತು ಐವತ್ತು ರೂಪಾಯಿ ಕೂಲಿಯಲ್ಲೇ ಕರಗುತ್ತಿತ್ತು. ಆದರೆ ಸಂಜೆ ಆರರ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಪಾಳಿಯನ್ನು ಅರ್ಧ ಗಂಟೆ ಹಿಂದಕ್ಕೆ ತಂದು ಅದಕ್ಕೆ ಮೊದಲಿನ ಬಸ್ಸಿಗೆ ಹೊಂದಿಸಿದೆವು. ಕೂಸಿನ ಮನೆಗೆ ಒಬ್ಬ ಆಯಾ ಇಟ್ಟೆವು, ತಿಂಗಳಿಗೆ ಹನ್ನೆರಡು ಸಾವಿರದಷ್ಟು. ಸೋಮವಾರದ ಗೈರುಹಾಜರಿ ಅರ್ಧಕ್ಕಿಂತ ಕೆಳಗೆ ಬಂತು.

ಬರುವ ಸೀಸನ್‌ಗೆ ಹಲ್ಲರ್ ಕಡೆಗೂ ಮೂವರು ಹೆಂಗಸರ ತಂಡ ಹಾಕುತ್ತಿದ್ದೇವೆ. ಅದಕ್ಕೆ ಮೊದಲು ಅಲ್ಲಿನ ಹೊಟ್ಟಿನ ಧೂಳು ಎಳೆಯುವ ಸೈಕ್ಲೋನ್ ಬದಲಾಗಬೇಕು, ಒಂದೂವರೆ ಲಕ್ಷದ ಕೊಟೇಷನ್ ಬಂದಿದೆ. ಇದಕ್ಕಿಂತ ಕಡಿಮೆಗೆ ಚೆನ್ನಾಗಿ ಮಾಡಿಕೊಡುವವರು ಹಾಸನದ ಕಡೆ ಇದ್ದರೆ ತಿಳಿಸಿ. ನೋಡಲು ಬರುವವರು ಫೆಬ್ರುವರಿಯಲ್ಲಿ ಬನ್ನಿ, ಆಗ ಎರಡೂ ಮೆಷಿನ್ ಓಡುತ್ತಿರುತ್ತವೆ. ಸಾರ್ಟರ್ ಬಗ್ಗೆ ಏನು ಕೇಳಬೇಕಿದ್ದರೂ ಅದನ್ನು ನಡೆಸುವವರನ್ನೇ ಕೇಳಿ.