ಗಾಯಕ ಹೊರಟರೆ ಬ್ಯಾಂಡಿನ ಹೆಸರು ಯಾರಿಗೆ? ಮೊದಲೇ ಬರೆಸಿಡುವ ಬಗೆ

ಬ್ಯಾಂಡ್ ಕಟ್ಟುವವರು ಗಿಟಾರ್ ಕೊಳ್ಳುತ್ತಾರೆ, ಹೆಸರಿಡುತ್ತಾರೆ, ಇನ್‌ಸ್ಟಾಗ್ರಾಂ ಪೇಜ್ ತೆರೆಯುತ್ತಾರೆ. ಕಾಗದ ಮಾತ್ರ ಯಾರೂ ಮಾಡಿಸೋದಿಲ್ಲ. ನಾನು ವಿರಾಜಪೇಟೆಯಲ್ಲಿ ಪತ್ರ ಬರಹಗಾರ. ನನ್ನ ಮೇಜಿಗೆ ಬರೋದು ಜಾಸ್ತಿ ಕ್ರಯಪತ್ರ, ವಿಭಾಗ ಪತ್ರ, ಬಾಡಿಗೆ ಕರಾರು. ಈಚೆಗೆ ಬ್ಯಾಂಡಿನ ಹುಡುಗರೂ ಬರ್ತಾರೆ, ಅದೂ ಗಾಯಕ ಮುನಿಸಿಕೊಂಡು ಹೊರಟ ಮೇಲೆ. ಆಗ ವಕೀಲರ ನೋಟಿಸ್ ಬಿಟ್ಟು ಬೇರೆ ದಾರಿ ಉಳಿದಿರೋದಿಲ್ಲ. ಸ್ನೇಹ ಚೆನ್ನಾಗಿರುವಾಗಲೇ ಬ್ಯಾಂಡಿನವರೆಲ್ಲ ಸೇರಿ ಮಾಡಿಕೊಳ್ಳುವ ಪಾಲುದಾರಿಕೆ ಪತ್ರದಲ್ಲಿ ಏನು ಬರೆಸಬೇಕು ಅಂತ ಹೇಳ್ತೀನಿ.

ಮೊದಲು ಹೆಸರು. ಡ್ರಮ್ಮರ್ ಬದಲಾದರೆ ಮದುವೆ ಮನೆಯವರಿಗೆ ಗೊತ್ತೇ ಆಗೋದಿಲ್ಲ. ಗಾಯಕ ಬದಲಾದರೆ "ಅದೇ ಬ್ಯಾಂಡಾ?" ಅಂತ ಕೇಳ್ತಾರೆ. ಅದಕ್ಕೇ ಗಾಯಕನಿಗೂ ಹೆಸರು ತನ್ನದೇ ಅನಿಸುತ್ತದೆ. ಇಂಗ್ಲೆಂಡಿನ ಡೀಪ್ ಪರ್ಪಲ್ ಅನ್ನೋ ರಾಕ್ ಬ್ಯಾಂಡಿನ ಮೊದಲ ಗಾಯಕ ರಾಡ್ ಇವಾನ್ಸ್ 1969ರಲ್ಲೇ ಹೊರಬಿದ್ದವರು. 1980ರಲ್ಲಿ ಬೇರೆ ವಾದಕರನ್ನು ಕಟ್ಟಿಕೊಂಡು ಅದೇ ಹೆಸರಲ್ಲಿ ಕಾರ್ಯಕ್ರಮ ಕೊಟ್ಟರು. ಕೇಸು ಬಿತ್ತು. 6,72,000 ಡಾಲರ್ ಪರಿಹಾರ ಕಟ್ಟಬೇಕು ಅಂತ ತೀರ್ಪು ಬಂತು.

ಕೊಡವರ ಒಕ್ಕದ, ಅಂದರೆ ಮನೆತನದ ಹೆಸರು ನೋಡಿ. ಬೆಂಗಳೂರಿಗೆ ಹೋದವನಿಗೂ ಅದು ಸೇರಿದ್ದೇ, ಆದರೆ ಒಬ್ಬನೇ ಎತ್ತಿಕೊಂಡು ಹೋಗೋಕೆ ಆಗೋದಿಲ್ಲ. ಬ್ಯಾಂಡಿನ ಹೆಸರನ್ನೂ ನಾನು ಹಾಗೇ ಬರೆಯೋದು: "ಬ್ಯಾಂಡಿನ ಹೆಸರು, ಲೋಗೊ ಹಾಗೂ ಪೇಜುಗಳು ಪಾಲುದಾರರೆಲ್ಲರ ಆಸ್ತಿಯಾಗಿರುತ್ತವೆ. ಹೊರಹೋದವರು ಆ ಹೆಸರಿನಲ್ಲಿ ಕಾರ್ಯಕ್ರಮ ಕೊಡತಕ್ಕದ್ದಲ್ಲ. ಮಾಜಿ ಗಾಯಕರೆಂದು ಹೇಳಿಕೊಳ್ಳಬಹುದು." ಕೊನೆಯ ಸಾಲು ಬಿಡಬೇಡಿ. ಅವನ ಹೊಟ್ಟೆಪಾಡೂ ನಡೀಬೇಕಲ್ವಾ. ರಘು ದೀಕ್ಷಿತ್ ಪ್ರಾಜೆಕ್ಟ್ ಥರ ಗಾಯಕನ ಸ್ವಂತ ಹೆಸರೇ ಬ್ಯಾಂಡಿಗಿದ್ದರೆ ಮಾತು ಬೇರೆ. ಆ ಹೆಸರು ಅವನ ಜೊತೆಗೇ ಹೋಗುತ್ತದೆ ಅಂತ ಬರೆದು ಮುಗಿಸಿ.

ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸಿ. ಮನರಂಜನೆಗೆ 41ನೇ ವರ್ಗ. ಆನ್‌ಲೈನಲ್ಲಿ ಹಾಕಿದರೆ ವ್ಯಕ್ತಿಗಳಿಗೆ ಸರ್ಕಾರಿ ಶುಲ್ಕ 4,500 ರೂಪಾಯಿ. ನಮ್ಮ ಕಡೆಯ ಅರ್ಜಿ ಚೆನ್ನೈ ಕಚೇರಿಗೆ ಹೋಗುತ್ತದೆ. ಸಿಕ್ಕಿದರೆ ಹತ್ತು ವರ್ಷ, ಆಮೇಲೆ ನವೀಕರಣ. ಅರ್ಜಿಯಲ್ಲಿ ಯಾರ ಹೆಸರಿದೆ ಅನ್ನೋದೇ ಮುಖ್ಯ. "ಅವನಿಗೆ ಕಂಪ್ಯೂಟರ್ ಗೊತ್ತು" ಅಂತ ಒಬ್ಬನಿಗೇ ಬಿಟ್ಟರೆ ನಾಳೆ ಮಾಲೀಕನೂ ಅವನೇ. ನೋಂದಣಿ ಇಲ್ಲದಿದ್ದರೂ ಬಳಕೆಯಿಂದ ಹಕ್ಕು ಬರುತ್ತದೆ. ಅದಕ್ಕೆ ಪುರಾವೆ ಬೇಕು, ಹಳೇ ಪೋಸ್ಟರ್, ಬಿಲ್ಲು ಎಸೆಯಬೇಡಿ.

ಇನ್ನು ಹಾಡು. ಸಾಹಿತ್ಯ ಬರೆದವನು, ರಾಗ ಕಟ್ಟಿದವನು, ಹಾಡಿದವನು, ರೆಕಾರ್ಡಿಂಗ್ ಮಾಡಿಸಿದವನು, ಇವರ ಹಕ್ಕುಗಳು ಬೇರೆ ಬೇರೆ. ಸಾಹಿತ್ಯ ಮತ್ತು ಸಂಗೀತದ ಹಕ್ಕು ಬರೆದವನು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಬರೀ ಹಾಡಿದವನಿಗೂ ಪ್ರದರ್ಶಕನ ಹಕ್ಕಿದೆ, 50 ವರ್ಷ. ಪ್ರತಿ ಹಾಡು ಮುಗಿದ ದಿನವೇ ಯಾರು ಏನು ಮಾಡಿದರು ಅಂತ ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಅಮೆರಿಕದ ಬೀಚ್ ಬಾಯ್ಸ್ ಬ್ಯಾಂಡಿನ ಗಾಯಕ ಮೈಕ್ ಲವ್‌ಗೆ 35 ಹಾಡುಗಳಲ್ಲಿ ಬರೆದವರ ಸಾಲಿಗೆ ತನ್ನ ಹೆಸರು ಸೇರಿಸಿಕೊಳ್ಳೋಕೆ 1994ರ ತನಕ ಕಾಯಬೇಕಾಯಿತು. ಹಾಡುಗಳು ಅರವತ್ತರ ದಶಕದವು!

ನಮ್ಮೂರಲ್ಲಿ ಜಗಳ ನಿಜಕ್ಕೂ ಶುರುವಾಗೋದು ಅಡ್ವಾನ್ಸ್ ಹಣದಿಂದ. ಕೊಡವ ಸಮಾಜದ ಮದುವೆಯೋ, ರೆಸಾರ್ಟಿನ ಹೊಸ ವರ್ಷವೋ, ಮಾತಾಡೋದು ಗಾಯಕ. ದುಡ್ಡು ಬೀಳೋದೂ ಅವನ ಗೂಗಲ್ ಪೇಗೇ. ಅವನು ಬಿಟ್ಟುಹೋದ ಮೇಲೆ ಮದುವೆ ಮನೆಯವರು ಉಳಿದವರನ್ನು ಹಿಡಿಯುತ್ತಾರೆ. ಬ್ಯಾಂಡಿಗೇ ಒಂದು ಖಾತೆ ತೆರೆಯಿರಿ. ಒಪ್ಪಿಕೊಂಡ ಕಾರ್ಯಕ್ರಮ ಮುಗಿಸಿಯೇ ಹೊರಡಬೇಕು, ಇಲ್ಲವೇ ತನ್ನ ಪಾಲಿನ ಅಡ್ವಾನ್ಸ್ ವಾಪಸ್ ಕೊಡಬೇಕು ಅಂತಲೂ ಬರೆಸಿ. ಪಾಲು ಎಷ್ಟೆಷ್ಟು ಅಂತ ನಮೂದಿಸದಿದ್ದರೆ ಕಾನೂನಿನಲ್ಲಿ ಎಲ್ಲರಿಗೂ ಸಮ. ಸ್ಪೀಕರ್, ಮಿಕ್ಸರ್ ಯಾರ ದುಡ್ಡಿನದು ಅಂತ ಪಟ್ಟಿ ಲಗತ್ತಿಸಿ. ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ಬ್ಯಾಂಡಿನ ಜಗಳ 1987ರ ಕೊನೆಗೆ ರಾಜಿಯಾದಾಗ ವೇದಿಕೆ ಮೇಲೆ ಹಾರಿಸುವ ಹಂದಿ ಬಲೂನ್ ಯಾರಿಗೆ ಅನ್ನೋದೂ ಅದರಲ್ಲಿತ್ತು. ಹೊರಹೋದ ರೋಜರ್ ವಾಟರ್ಸ್‌ಗೇ ಅದರ ಹಕ್ಕು ಉಳಿಯಿತು. ಇದನ್ನು ಹೇಳಿದರೆ ನಮ್ಮ ಹುಡುಗರು ಪಂದಿ ಕರಿ ನೆನೆಸಿಕೊಂಡು ನಗ್ತಾರೆ.

"ಬಿಟ್ಟುಹೋದರೆ ಐದು ವರ್ಷ ಎಲ್ಲೂ ಹಾಡಬಾರದು ಅಂತ ಬರೀರಿ ಅಣ್ಣ" ಅಂತ ಕೇಳುವವರಿದ್ದಾರೆ. ಬರೆದರೂ ಪ್ರಯೋಜನವಿಲ್ಲ. 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಒಬ್ಬನ ಕಸುಬಿಗೆ ಅಡ್ಡ ಹಾಕುವ ಕರಾರು ಅಷ್ಟರ ಮಟ್ಟಿಗೆ ಅನೂರ್ಜಿತ. ಪಾಲುದಾರರ ನಡುವೆ ಸ್ವಲ್ಪ ವಿನಾಯಿತಿ ಇದೆ, ಆದರೆ ಅವಧಿ, ಜಾಗ ಎರಡೂ ನ್ಯಾಯವಾಗಿರಬೇಕು.

ಪಾಲುದಾರಿಕೆ ಪತ್ರ ಕೊಟ್ಟು ಬ್ಯಾಂಡನ್ನು ಫರ್ಮ್ ಅಂತ, ಅಂದರೆ ಪಾಲುದಾರಿಕೆ ಸಂಸ್ಥೆ ಅಂತ, ಫರ್ಮ್‌ಗಳ ರಿಜಿಸ್ಟ್ರಾರ್ ಹತ್ತಿರ ನೋಂದಾಯಿಸಿ. ಇಲ್ಲದಿದ್ದರೆ ಆ ಕರಾರು ಹಿಡಿದು ಕೋರ್ಟಿನಲ್ಲಿ ಒಬ್ಬರ ಮೇಲೊಬ್ಬರು ದಾವೆ ಹಾಕೋದೇ ಕಷ್ಟ. ನೋಂದಾಯಿತ ಟ್ರೇಡ್‌ಮಾರ್ಕ್ ಉಲ್ಲಂಘನೆಯ ದಾವೆ ತಾಲ್ಲೂಕು ಕೋರ್ಟಿನಲ್ಲಿ ನಡೆಯೋದಿಲ್ಲ, ಜಿಲ್ಲಾ ನ್ಯಾಯಾಲಯಕ್ಕೇ ಹೋಗಬೇಕು. ನಮಗೆ ಅಂದರೆ ಮಡಿಕೇರಿ.

ಇದಕ್ಕೆಲ್ಲ ಒಳ್ಳೆ ಸಮಯ ಜುಲೈ, ಆಗಸ್ಟ್. ಮಳೆಗೆ ಕಾರ್ಯಕ್ರಮ ಇರೋದಿಲ್ಲ, ಎಲ್ಲರೂ ಊರಲ್ಲೇ ಸಿಗ್ತಾರೆ. ಆಧಾರ್, ಪ್ಯಾನ್ ಪ್ರತಿ ತನ್ನಿ, ಇಬ್ಬರು ಸಾಕ್ಷಿಗಳನ್ನು ಕರೆತನ್ನಿ. ಗಾಯಕನ ಸಹಿ ಆಮೇಲೆ ಹಾಕಿಸ್ತೀವಿ ಅಂದರೆ ಮಾತ್ರ ನಾನು ಪತ್ರ ಕೊಡೋದಿಲ್ಲ.